ಗಾರೆ ಮೆತ್ತಿದ ಬಾಗಿಲು

ದಯೆ ಅಂತ ಆಗಲೇ ಮಾತು ಬಂತಲ್ಲ, ಅದಕ್ಕೊಂದು ಕಥೆ ಕೇಳಿ. ಒಂದೂರು. ಆ ಊರಲ್ಲೊಬ್ಬ ಶ್ರೀಮಂತ. ಯಾರಿರಬಹುದು ಅಂತ ಅಕ್ಕಪಕ್ಕ ನೋಡಬೇಡಿ, ಅವನು ಇಲ್ಲಿಗೆ ಬಂದಿಲ್ಲ. ಕೆಟ್ಟವನೇನಲ್ಲ. ಬಾಗಿಲಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದವನಲ್ಲ. ಮಗಳ ನಿಶ್ಚಿತಾರ್ಥಕ್ಕೆ ಬೀಗರು ಬರುವವರಿದ್ದರು. ಬಿರುಕು ಬಿಟ್ಟ ಮಣ್ಣಿನ ಗೋಡೆ ಕಂಡು ಅವರು ನಮ್ಮನ್ನು ಹಗುರ ಮಾಡಿಬಿಟ್ಟರೆ? ಅದೊಂದೇ ಅವನ ಚಿಂತೆ. ಗೋಡೆಗೆಲ್ಲ ಹೊಸ ಗಾರೆ ಮಾಡಿಸೋಣ ಅಂತ ಹೊರಟ.

ಆ ಗೋಡೆಯಲ್ಲಿ, ತಲೆಬಾಗಿಲ ಪಕ್ಕದಲ್ಲೇ, ಮುಜಂಟಿ ಜೇನಿನ ಒಂದು ಸಂಸಾರ ಇತ್ತು. ನೀವೂ ನೋಡಿರ್ತೀರಿ, ಕೆಲವರು ಮಿಸರಿ ಅಂತೀರಿ. ನೊಣಕ್ಕಿಂತ ಸಣ್ಣದು, ಕಪ್ಪು, ಚುಚ್ಚೋದಕ್ಕೆ ಮುಳ್ಳೂ ಇಲ್ಲ. ಗೋಡೆಯೊಳಗೆ ಗೂಡು, ಹೊರಗೆ ಮೇಣದ ಒಂದು ಪುಟ್ಟ ಕೊಳವೆ. ಅದೇ ಅವುಗಳ ಬಾಗಿಲು. ಅದೊಂದನ್ನು ಬಿಟ್ಟು ಮೆತ್ತಿಸಿ ಅಂತ ಹೆಂಡತಿ ಹೇಳಿದ್ದಳು. ಹಿತ್ತಲ ಸೌತೆಬಳ್ಳಿಯ ಹೂವಿನ ಮೇಲೆ ಹೊತ್ತಾರೆಯಿಂದ ಇವೇ ಇರ್ತಾವೆ, ಕಾಯಿ ಕಚ್ಚೋದು ಇವುಗಳಿಂದ. ಮಗಳಿಗೆ ಕೆಮ್ಮು ಬಂದಾಗ ನಾನು ನೆಕ್ಕಿಸಿದ್ದು ಇವುಗಳ ತುಪ್ಪಾನೇ, ಅಂದಿದ್ದಳು. ಇವನು ಕೇಳಲಿಲ್ಲ. “ಬೀಗರು ಒಳಗೆ ಬರೋ ಜಾಗದಲ್ಲೇ ತೂತು ಕಾಣಬೇಕೇನೆ?” ಅಂದ.

ಗಾರೆಯವನು ಬಂದ, ನುಣ್ಣಗೆ ಮೆತ್ತಿದ, ಹೋದ.

ಅವತ್ತು ಸಾಯಂಕಾಲ ನಮ್ಮ ಯಜಮಾನ ಹೊಲದಿಂದ ಬಂದು ನೋಡ್ತಾನೆ, ಮನೆಗೆ ಬೀಗ. ಕೀಲಿ ಹೆಂಡತಿಯ ಸೊಂಟದಲ್ಲಿ, ಹೆಂಡತಿ ಮಗಳ ಜೊತೆ ಪೇಟೆಯಲ್ಲಿ, ಸೀರೆ ಅಂಗಡಿಯಲ್ಲಿ. ಸೀರೆ ಅಂಗಡಿ ಅಂದರೆ ಗೊತ್ತಲ್ಲ, ತಾಯಂದಿರು ಯಾಕೋ ನಗ್ತಿದ್ದೀರಿ. ಕಾಲು ತುಂಬ ಕೆಸರು, ಗಂಟಲು ಒಣಗಿದೆ, ನೀರು ಒಳಗಿದೆ. ಜಗಲಿ ಮೇಲೆ ಕೂತ. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು ನೋಡಿದಳು.

“ಏನಪ್ಪಾ, ನಿನ್ನ ಮನೆ ಮುಂದೆ ನೀನೇ ನೆಂಟನ ಹಾಗೆ ಕೂತಿದ್ದೀಯಲ್ಲ? ಹೆಂಡತಿ ಆಚೆ ಹಾಕಿದಳಾ?”

“ಕೀಲಿ ಇಲ್ಲ ಕಣಜ್ಜಿ.”

“ಅಷ್ಟೇನಾ. ಅವಳು ಬಂದರೆ ತೆಗೀತಾಳೆ ಬಿಡು,” ಅಂತ ಅವಳು ಹೋದಳು.

ಅವಳು ಹೋದ ಮೇಲೆ ಇವನ ಕಣ್ಣು ಗೋಡೆಗೆ ಬಿತ್ತು. ನೋಡಿ, ಹೊರಗೆ ದುಡಿಯೋಕೆ ಹೋಗಿದ್ದ ಜೇನುಗಳು ವಾಪಸ್ಸು ಬಂದಿದ್ದಾವೆ. ಕಾಲಲ್ಲಿ ಹೂವಿನ ಪುಡಿ ಹಾಗೇ ಇದೆ. ಬಾಗಿಲು ಇದ್ದ ಜಾಗಕ್ಕೇ ಬಂದು ಮುಟ್ಟುತ್ತವೆ, ಹಿಂದೆ ಸರಿಯುತ್ತವೆ, ಮತ್ತೆ ಅಲ್ಲಿಗೇ ಬರುತ್ತವೆ. ಅತ್ತ ಇಲ್ಲ, ಇತ್ತ ಇಲ್ಲ, ಅಲ್ಲಿಗೇ. ಗೋಡೆಗೆ ಕಿವಿಯಿಟ್ಟ. ಒಳಗಿಂದ ಸಣ್ಣಗೆ ಗುಂಯ್ ಅಂತಿದೆ. ಇನ್ನೂ ಉಸಿರಿದೆ.

ಆಗ ಅವನಿಗೆ ಅನ್ನಿಸಿತು: ನನಗಾದರೂ ಹೆಂಡತಿ ಬರ್ತಾಳೆ. ಇವಕ್ಕೆ ಯಾರು ಬರಬೇಕು?

ಕೊಟ್ಟಿಗೆಗೆ ಹೋಗಿ ಕುಡುಗೋಲು ತಂದ. ಹಸಿ ಗಾರೆಯನ್ನು ಮೆಲ್ಲಗೆ ಕೆರೆಯುತ್ತಾ ಕೂತ. ಜೋರು ಮಾಡಿದರೆ ಗೂಡು ಕುಸಿಯುತ್ತೆ, ತಡ ಮಾಡಿದರೆ ಉಸಿರು ಹೋಗುತ್ತೆ. ಜೇನುಗಳಿಗೆ ಅದೆಲ್ಲ ಗೊತ್ತೇ? ಇವನ ಕೂದಲಿಗೆ ಸೇರಿದವು, ಕಿವಿಗೆ ನುಗ್ಗಿದವು, ಹುಬ್ಬು ಕಚ್ಚಿದವು. ಕೈ ಬೀಸಲಿಲ್ಲ ಅವನು. ಕೊನೆಗೆ ಕಪ್ಪಗೆ ಒಂದು ತೂತು ಕಂಡಿತು. ಅದರೊಳಗಿಂದ ಎಳ್ಳಿನಷ್ಟು ತಲೆಯೊಂದು ಇಣುಕಿತು.

ಹೆಂಡತಿ ಬಂದು ನೋಡಿದಳು. ನುಣ್ಣನೆ ಗೋಡೆಯಲ್ಲಿ ಅಂಗೈಯಗಲ ಗಾಯ. ಗಂಡನ ಮೈಯೆಲ್ಲ ಗಾರೆ, ತಲೆಯೆಲ್ಲ ಜೇನು. ನಗು ಬಂದರೂ ತಡೆದುಕೊಂಡು, “ಬೀಗರು ಕೇಳಿದರೆ ಏನಂತೀರಿ?” ಅಂದಳು.

“ನಮ್ಮ ಮನೆಗೆ ಎರಡು ಬಾಗಿಲು ಅಂತೀನಿ.”

ಬೀಗರು ಬಂದರು. ಒಬ್ಬರು ಮೂಗು ಮುರಿದರಂತೆ, ಮುರೀಲಿ. ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು.

ಈಗ ನಮ್ಮ ವಿಷಯಕ್ಕೆ ಬರೋಣ. ಆ ಪುಣ್ಯಾತ್ಮ ಒಂದು ಸಂಜೆ ಹೊರಗೆ ಕೂತದ್ದಕ್ಕೆ ತಿಳಿದುಕೊಂಡ. ನಾವು? ಬಳ್ಳಿ ಮೈತುಂಬ ಹೂ ಬಿಟ್ಟಿರುವಾಗ ವಿಷ ಹೊಡೀತೀವಿ. ಆ ಹೊತ್ತಿಗೆ ಹೂವಿನೊಳಗೆ ಯಾರಿದ್ದಾರೆ ಅಂತ ಬಗ್ಗಿ ನೋಡ್ತೀವಾ? ಕಟ್ಟಡದ ಮೂಲೆಯಲ್ಲಿ ಹೆಜ್ಜೇನು ಕಂಡ ಕೂಡಲೇ ಬೆಂಕಿ ಅಂತೀವಿ. ಪೆಟ್ಟಿಗೆಯಲ್ಲಿ ತುಡುವೆ ಜೇನು ಇಟ್ಟವರು ಮಳೆಗಾಲದ ಮುಂಚೆ ಎರಿಯನ್ನು ಕೊನೇ ಹನಿವರೆಗೂ ಹಿಂಡಿ, ಸಕ್ಕರೆ ನೀರು ಇಟ್ಟು, ಜೇನು ಸಾಕ್ತೀನಿ ಅಂತೀರಿ. ಅದು ಸಾಕೋದಾ ಅಪ್ಪಾ?

ಬೈಯೋದಕ್ಕೆ ಹೇಳಲಿಲ್ಲ. ಗೊತ್ತಿಲ್ಲದೆ ಮಾಡ್ತೀವಿ, ಅವಸರದಲ್ಲಿ ಮಾಡ್ತೀವಿ. ಇನ್ನು ಮೇಲೆ ಮಾಡೋದು ಬೇಡ. ಹೂವಿರುವ ಬೆಳೆಗೆ ವಿಷ ಬೇಡ. ತುಪ್ಪ ತೆಗೆದರೆ, ಮಳೆಯಲ್ಲಿ ಅವು ಉಣ್ಣೋಷ್ಟು ಬಿಟ್ಟು ತೆಗೆಯಿರಿ. ಬೇಲಿ ಬುಡದ ತುಂಬೆ ಹೂವಿನ ಗಿಡವನ್ನು ಕಸ ಅಂತ ಕೀಳಬೇಡಿ. ಪೂಜೆಗೆ ಕೊಯ್ಯುವಾಗಲೂ ಗಿಡ ಬೋಳು ಮಾಡಬೇಡಿ ತಾಯಿ. ಶಿವನಿಗೆ ನಾಲ್ಕು ಹೂ ಸಾಕು. ಉಳಿದದ್ದು ಗಿಡದಲ್ಲೇ ಇರಲಿ, ಬೆಳಿಗ್ಗೆ ಊಟಕ್ಕೆ ಬರುವವರಿದ್ದಾರೆ.