ಕೊನ್ಯಾಕ್ಕೆ ಮೂರು ಟಿಕೆಟ್ಟು

ಸ್ವೀಡನ್ನಿನ ಗೋಥೆನ್‌ಬರ್ಗಿನ ಟ್ರ್ಯಾಮಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ಕೂತಿದ್ದರು. ತಮ್ಮ ಟರ್ಕಿ ಭಾಷೆ ಅಲ್ಲಿ ಯಾರಿಗೂ ತಿಳಿಯದು ಎಂದುಕೊಂಡಿರಬೇಕು. ಅದು ನನ್ನ ಮನೆಮಾತೂ ಹೌದು. ಚಿಕ್ಕವಳ ಮಡಿಲಲ್ಲಿ ಮಗು ನಿದ್ದೆಹೋಗಿತ್ತು.

“ನಾನು ಊರಿಗೆ, ಕೊನ್ಯಾಕ್ಕೆ ಬರಲ್ಲ ಅತ್ತಿಗೆ.”

“ನಮ್ಮ ಸೋದರಮಾವನ ಮಗಳ ಮದುವೆಗೆ ಮನೆ ಸೊಸೆ ಬರಲಿಲ್ಲ ಅಂದ್ರೆ ಊರಲ್ಲಿ ಏನಂತಾರೆ?”

“ಇಲ್ಲಿ ಇರೋಕೆ ನನಗಿದ್ದ ಪರವಾನಗಿ ಮಾರ್ಚಲ್ಲೇ ಮುಗೀತು. ಕಾಯಂ ವಾಸದ ಅರ್ಜಿ ಇನ್ನೂ ವಲಸೆ ಆಫೀಸಲ್ಲೇ ಇದೆ. ಅದು ಇತ್ಯರ್ಥ ಆಗೋ ಮುಂಚೆ ದೇಶ ಬಿಟ್ಟರೆ ವಾಪಸ್ ಒಳಗೆ ಬಿಡಲ್ಲ.”

“ಎರಡು ವಾರಕ್ಕೆ ಯಾರು ಕೇಳ್ತಾರೆ? ನಿನ್ನ ತಲೆ ಕೆಡಿಸಿದ್ದು ಯಾರು?”

“ಆಫೀಸಿನ ಕಾಗದ. ನನ್ನ ಹೆಸರಿಗೆ ಬಂದದ್ದು ನಿಮ್ಮ ತಮ್ಮನ ಕೋಟಿನ ಜೇಬಲ್ಲಿತ್ತು. ಜೊತೇಲಿ ಟಿಕೆಟ್ಟೂ ಇತ್ತು. ಅವರಿಗೂ ಮಗುಗೂ ಹೋಗಿ ಬರೋ ಟಿಕೆಟ್ಟು. ನನಗೆ ಹೋಗೋದು ಮಾತ್ರ.”

ಅತ್ತಿಗೆ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ನಿನ್ನ ಜೊತೆ ಅವನಿಗೆ ಸಾಕಾಗಿದೆ, ಹುಲ್ಯಾ. ನಿಮ್ಮಪ್ಪನ ಮನೇಲಿ ಬಿದ್ದಿರು. ಮಗುನ ನಾನು ಸಾಕ್ತೀನಿ.”

“ಟಿಕೆಟ್ಟಿಗೆ ಅಂತ ಇಸ್ಕೊಂಡ ಪಾಸ್‌ಪೋರ್ಟ್ ಕೊಡಿ. ನಂದೂ, ಮಗುದೂ.”

“ಮನೇಲಿದೆ.”

“ನಿಮ್ಮ ಚೀಲದಲ್ಲೇ ಇದೆ. ಕೊಡ್ತೀರೋ, ಇಲ್ಲಾ ಇಲ್ಲೇ ಸ್ವೀಡಿಷಲ್ಲಿ ಕಿರುಚಲೋ? ಅಷ್ಟು ಕಲಿತಿದ್ದೀನಿ.”

“ನಾಯಿಗೆ ಹುಟ್ಟಿದವಳೇ.”

“ಬೈದುಕೊಳ್ಳಿ. ಪಾಸ್‌ಪೋರ್ಟ್ ಮಾತ್ರ ಕೊಡಿ.”

ಚೀಲದ ಜಿಪ್ಪು ಎಳೆದ ಸದ್ದಾಯಿತು. ಎರಡು ಪಾಸ್‌ಪೋರ್ಟ್ ಹುಲ್ಯಾಳ ಕೈಗೆ ಬಂದವು. ಮುಂದಿನ ನಿಲ್ದಾಣದಲ್ಲಿ ಹುಲ್ಯಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಇಳಿದಳು. ಅತ್ತಿಗೆ ಹಿಂದೆಯೇ ಎದ್ದರೂ ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವಳು ಕಂಬಿ ಹಿಡಿದು ನಿಂತು ತಮ್ಮನಿಗೆ ಫೋನು ಮಾಡಿದಳು.

“ಅವಳಿಗೆ ಗೊತ್ತಾಗಿದೆ ಕಣೋ,” ಎಂದಳು.