ಕಿಟಕಿ ಇರೋ ರೂಮು

ದುಬಾರಿ ನಗರದ ಹೋಟೆಲಿನಲ್ಲಿ, ಕಡಲತೀರದಿಂದ ಆಗಷ್ಟೇ ಬಂದ ಗಂಡ ಹೆಂಡತಿಯ ಹಿಂದೆ ಸರದಿಯಲ್ಲಿ ನಿಂತಿದ್ದ ಮೇಷ್ಟ್ರೊಬ್ಬರ ಕಿವಿ ಅವರ ಮಾತಿಗೆ ನೆಟ್ಟಗಾಯಿತು. ಗಂಡನ ಚಪ್ಪಲಿಯಿಂದ ಇನ್ನೂ ಮರಳು ಉದುರುತ್ತಿತ್ತು.

“ಕಿಟಕಿ ಇರೋ ರೂಮಿಗೆ ಬಾಡಿಗೆ ಜಾಸ್ತಿ ಸರ್,” ಎಂದಳು ಕೌಂಟರಿನಾಕೆ.

“ಕಿಟಕೀಲಿ ಏನು ಕಾಣುತ್ತಮ್ಮಾ?” ಗಂಡ ಆಕಳಿಸಿದ.

“ಪಕ್ಕದ ಕಟ್ಟಡದ ಗೋಡೆ.”

“ಗೋಡೆ ನೋಡೋಕೂ ಬಾಡಿಗೇನಾ? ಕಿಟಕಿ ಇಲ್ಲದ್ದೇ ಕೊಡಿ. ಸುಸ್ತಾಗಿದೆ, ಮಲಗಿದ್ರೆ ಸಾಕು.”

“ನಾಲ್ಕು ದಿನ ಸಮುದ್ರಕ್ಕೆ ಬೆನ್ನು ಹಾಕಿ ಗೊರಕೆ ಹೊಡೆದೋರಿಗೆ ಎಂಥಾ ಸುಸ್ತು?” ಎಂದಳು ಹೆಂಡತಿ.

“ಪ್ರಯಾಣ ಅಂದ್ರೆ ಸುಮ್ನೇನಾ?”

ಹೆಂಡತಿ ಕೌಂಟರಿನತ್ತ ತಿರುಗಿದಳು. “ಎರಡು ರೂಮು ಕೊಡಮ್ಮ. ಕಿಟಕಿ ಇರೋದು ನನಗೆ. ಇವರಿಗೆ ನಿಮ್ಮ ಉಗ್ರಾಣ ಆದ್ರೂ ನಡೆಯುತ್ತೆ.”

ಬೀಗದಕೈ ಹಿಡಿದು ಅವಳು ಮೆಟ್ಟಿಲೇರಿದಳು. ಎರಡೂ ಪೆಟ್ಟಿಗೆ ಹೊತ್ತು ಅವನು ಹಿಂದೆಯೇ ಹೋದ, ಕಣ್ಣು ಪೂರ್ತಿ ತೆರೆದುಕೊಂಡು.