ಇಕ್ಕಳ ಹಿಡಿದ ಸಂತಳ ಮುಂದೆ

ಪೆರೂಜಾ ಪಟ್ಟಣದ ಚಿತ್ರಶಾಲೆಯೊಂದರಲ್ಲಿ ಕಾಲು ನೋವೆಂದು ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಗೋಡೆಯಲ್ಲಿ ಸಂತ ಅಪೊಲೊನಿಯಾಳ ಹಳೆಯ ಚಿತ್ರ. ಅದರ ಮುಂದೆ ನಿಂತ ಅಜ್ಜಿಯೊಬ್ಬಳು ಕಾವಲಿನ ಹುಡುಗಿಯನ್ನು ಕರೆದಳು.

“ಇದನ್ನ ಬರೆದೋರು ಯಾರು ಮಗಳೇ?”

“ಹೆಸರು ಗೊತ್ತಿಲ್ಲ, ಸಿನ್ಯೋರಾ.”

“ಯಾವ ಕಾಲದ್ದು?”

“ನಾನೂರು ವರ್ಷದ್ದು.”

“ಎಲ್ಲಿಂದ ತಂದ್ರಿ?”

“ಮೊಂತೆರುಸ್ಕೊ ಅನ್ನೋ ಹಳ್ಳೀದು. ಭೂಕಂಪದಲ್ಲಿ ಅಲ್ಲಿ ಚರ್ಚು ಬಿತ್ತಲ್ಲ, ಆಗ ತಂದಿದ್ದು.”

“ಅವಳ ಕೈಲಿ ಇಕ್ಕಳ ಯಾಕೆ?”

“ಹಲ್ಲು ಕಿತ್ತು ಹಿಂಸೆ ಕೊಟ್ರಂತೆ. ಅದಕ್ಕೇ ಹಲ್ಲುನೋವು ಬಂದೋರು ಅವಳಿಗೆ ಹರಕೆ ಹೊರ್ತಾರೆ.”

“ಕೆಳಗಡೆ ಆ ಕರಿ ಕಲೆ?”

“ಮೇಣದಬತ್ತಿ ಮಸಿ. ಎಷ್ಟು ಒರೆಸಿದ್ರೂ ಪೂರ್ತಿ ಹೋಗ್ಲಿಲ್ಲ. ಯಾರೋ ತೀರಾ ಹತ್ರ ಹಚ್ಚಿಟ್ಟಿದ್ದಾರೆ.”

“ನಾನೇ. ಅದು ನಮ್ಮೂರ ಚರ್ಚು. ಮೂರು ಮಕ್ಕಳು, ಮೂವರಿಗೂ ಬಾಯ್ತುಂಬಾ ಹುಳುಕು.”

ಹುಡುಗಿ ನಕ್ಕುಬಿಟ್ಟಳು. “ಎಲ್ಲಾ ಗೊತ್ತಿದ್ದೂ ನನ್ನನ್ಯಾಕೆ ಕೇಳಿದ್ರಿ?”

“ಇನ್ಮೇಲೆ ದಿನವಿಡೀ ಅವಳ ಜೊತೆ ಇರೋಳು ನೀನು. ನಿಂಗೆಷ್ಟು ಗೊತ್ತು ಅಂತ ನೋಡ್ದೆ.”

“ಪಾಸಾದ್ನಾ?”

ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಬಾಗಿಲತ್ತ ನಡೆದಳು.

“ಪರವಾಗಿಲ್ಲ. ಆ ಕಲೆ ಮಾತ್ರ ಇನ್ನು ಒರೆಸೋಕೆ ಬಿಡ್ಬೇಡ.”